ನಾವು ನಾಲ್ಕನೇದಾ, ಐದನೇದಾ, ಮೂರನೇದಾ? ನಾಮಿನಲ್ ಜಿಡಿಪಿ ಇಟ್ಕೊಂಡು ದೇಶಗಳನ್ನ ಅಳೆಯೋದರ ಬಗ್ಗೆ

ಪಿಯು_ಎಕನಾಮಿಕ್ಸ್_ತಿಪಟೂರು

ಎಲ್ರಿಗೂ ನಮಸ್ಕಾರ. ನಾನು ಪಿಯು ಕಾಲೇಜಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತೀನಿ. ಈ ವಾರ ಸೆಕೆಂಡ್ ಪಿಯುಗೆ ರಾಷ್ಟ್ರೀಯ ಆದಾಯದ ಚಾಪ್ಟರ್ ನಡೀತಿತ್ತು, ಮಧ್ಯದಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತ್ಕೊಂಡು ಕೇಳಿದ್ಲು, ಸಾರ್ 2025ರ ಮೇ ತಿಂಗಳಲ್ಲಿ ಜಪಾನ್ ಹಿಂದೆ ಹಾಕಿ ನಾವು ನಾಲ್ಕನೇ ದೊಡ್ಡ ಎಕಾನಮಿ ಆದ್ವಿ ಅಂತ ಟಿವಿಲೆಲ್ಲ ಬಂತು, ಅಕ್ಟೋಬರಲ್ಲಿ ಬಂದ ಪಟ್ಟಿ ನೋಡಿದ್ರೆ ಐದನೇದು ಅಂತಿದೆ, ನಮ್ಮಣ್ಣ ಅದೆರಡೂ ತಪ್ಪು ನಾವು ಮೂರನೇದು ಅಂತಾನೆ, ಎಕ್ಸಾಮಲ್ಲಿ ಏನ್ ಬರೀಬೇಕು ಅಂತ.

ನಾನು ನಾಮಿನಲ್ (ಮಾರುಕಟ್ಟೆ ಡಾಲರ್ ರೇಟಿನ ಲೆಕ್ಕ), ಪಿಪಿಪಿ (ಕೊಳ್ಳೋ ಶಕ್ತಿ ಲೆಕ್ಕ) ಅಂತ ಎರಡು ಮಾತು ಹೇಳಿ ಕೂರಿಸಿದೆ. ಆದ್ರೆ ಮನೆಗೆ ಬಂದ್ಮೇಲೂ ಅದೇ ತಲೇಲಿ ಓಡ್ತಾ ಇದೆ. ಆರು ತಿಂಗಳಲ್ಲಿ ನಮ್ಮ ದೇಶದಲ್ಲಿ ಯಾವ ಫ್ಯಾಕ್ಟರಿನೂ ಮಾಯ ಆಗಿಲ್ಲ, ಜಪಾನಲ್ಲಿ ಹೊಸದಾಗಿ ಏನೂ ಹುಟ್ಟಿಲ್ಲ, ಸ್ಥಾನ ಮಾತ್ರ ಹಿಂದೆ ಮುಂದೆ ಆಗುತ್ತೆ ಅಂದ್ರೆ ಆ ಅಳತೆಗೋಲು ನಿಜವಾಗ್ಲೂ ಏನನ್ನ ಅಳೀತಿದೆ? ಟೆಕ್ಸ್ಟ್‌ಬುಕ್ಕಲ್ಲಿರೋ ಡೆಫಿನಿಷನ್ ನನಗೂ ಬಾಯಿಪಾಠ ಇದೆ, ಅದು ಬೇಡ. 17 ವರ್ಷದ ಮಕ್ಕಳಿಗೆ ಮನಸಿಗೆ ಇಳಿಯೋ ಹಾಗೆ ಹೇಗೆ ಹೇಳೋದು, ತಿಳಿದೋರು ಹೇಳಿ.

ಲೆಕ್ಕದ_ಮನೆ

ಮೇಷ್ಟ್ರೆ, ಒಳ್ಳೆ ಪ್ರಶ್ನೆ, ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನಾನು ಅಂಕಿಅಂಶದ ಕೆಲಸದಲ್ಲೇ ಮೂವತ್ತು ವರ್ಷ ಕಳೆದು ರಿಟೈರ್ ಆದೋನು, ಸ್ವಲ್ಪ ಉದ್ದ ಆಗುತ್ತೆ, ಓದ್ಕೊಳಿ.

ಮೊದಲನೇ ಗೊಂದಲ ಈ "ನಾಮಿನಲ್" ಅನ್ನೋ ಪದದ್ದೇ. ಅದಕ್ಕೆ ಎರಡು ಜೋಡಿ ಇದೆ, ಜನ ಎರಡನ್ನೂ ಕಲಸಿಬಿಡ್ತಾರೆ. ಒಂದು ಜೋಡಿ ನಾಮಿನಲ್ ಮತ್ತು ರಿಯಲ್, ಅದು ಒಂದೇ ದೇಶದೊಳಗೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಬೆಲೆ ಏರಿದ್ದನ್ನ ಕಳೀಬೇಕಾ ಬೇಡ್ವಾ ಅನ್ನೋದು. ಇನ್ನೊಂದು ಜೋಡಿ ನಾಮಿನಲ್ ಮತ್ತು ಪಿಪಿಪಿ, ಅದು ಎರಡು ದೇಶ ಅಕ್ಕಪಕ್ಕ ಇಟ್ಟಾಗ ಯಾವ ರೇಟಲ್ಲಿ ಡಾಲರಿಗೆ ಬದಲಾಯಿಸ್ಬೇಕು ಅನ್ನೋದು. ನಿಮ್ಮ ಹುಡುಗಿ ಕೇಳಿದ್ದು ಈ ಎರಡನೇ ಜೋಡಿ ಬಗ್ಗೆ.

ಈಗ ಲೆಕ್ಕ ನೋಡಿ. 2024-25ಕ್ಕೆ ನಮ್ಮ ಕೇಂದ್ರ ಸಾಂಖ್ಯಿಕ ಇಲಾಖೆ 2025ರ ಮೇ ಕೊನೇಲಿ ಕೊಟ್ಟ ನಾಮಿನಲ್ ಜಿಡಿಪಿ 330.68 ಲಕ್ಷ ಕೋಟಿ ರೂಪಾಯಿ. ಇದು ರೂಪಾಯಿ ಲೆಕ್ಕ, ಇಲ್ಲಿಗೆ ಡಾಲರ್ ಇನ್ನೂ ಬಂದಿಲ್ಲ. ಆ ವರ್ಷ ಡಾಲರ್ ಸರಾಸರಿ ಎಂಬತ್ನಾಲ್ಕೂವರೆ ರೂಪಾಯಿ ಇತ್ತು, ಭಾಗಿಸಿ ನೋಡಿ, 3.91 ಟ್ರಿಲಿಯನ್ (ಒಂದು ಟ್ರಿಲಿಯನ್ ಅಂದ್ರೆ ಲಕ್ಷ ಕೋಟಿ) ಡಾಲರ್ ಬರುತ್ತೆ. 2025ರ ಡಿಸೆಂಬರಲ್ಲಿ ಡಾಲರ್ 90 ರೂಪಾಯಿ ದಾಟ್ತು. ಅದೇ 330.68 ಲಕ್ಷ ಕೋಟಿನ 90ರಿಂದ ಭಾಗಿಸಿ, 3.67 ಬರುತ್ತೆ. ಅದೇ ಗದ್ದೆ ಅದೇ ಫ್ಯಾಕ್ಟರಿ ಅದೇ ಬಿಲ್ಲುಗಳು, ಕೆಳಗಡೆ ಭಾಗಿಸೋ ನಂಬರ್ ಒಂದು ಬದಲಾಯ್ತು, ಸುಮಾರು 24,000 ಕೋಟಿ ಡಾಲರ್ ಕಾಣೆ ಆಯ್ತು. ಗ್ರೀಸ್ ಅನ್ನೋ ಇಡೀ ದೇಶದ ಜಿಡಿಪಿ ಹೆಚ್ಚುಕಮ್ಮಿ ಅಷ್ಟೇ ಇರೋದು.

ಇನ್ನು ಜಪಾನ್ ವಿಷಯ. ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) 2025ರ ಏಪ್ರಿಲಲ್ಲಿ ಕೊಟ್ಟ ಅಂದಾಜಲ್ಲಿ ಭಾರತ 4.187 ಟ್ರಿಲಿಯನ್, ಜಪಾನ್ 4.186. ವ್ಯತ್ಯಾಸ ಇರೋದು ದಶಮಾಂಶದ ಮೂರನೇ ಸ್ಥಾನದಲ್ಲಿ. ಮೇ ತಿಂಗಳಲ್ಲಿ ನೀತಿ ಆಯೋಗದ ಸಿಇಓ ಅದನ್ನೇ ಹಿಡ್ಕೊಂಡು ನಾವೀಗ ನಾಲ್ಕನೇದು ಅಂದ್ರು. ಅದು ವರ್ಷ ಮುಗಿಯೋಕೆ ಮುಂಚೆ ಮಾಡಿದ ಅಂದಾಜು. ಅಕ್ಟೋಬರಲ್ಲಿ ಐಎಂಎಫ್ ಪರಿಷ್ಕರಿಸಿದಾಗ ಜಪಾನ್ 4.28, ನಾವು 4.13ರ ಹತ್ರ ನಿಂತ್ವಿ. ಇದರಲ್ಲಿ ಇನ್ನೊಂದು ಸಣ್ಣ ವಿಷಯ ಯಾರೂ ಗಮನಿಸಲ್ಲ, ಐಎಂಎಫ್ ಪಟ್ಟೀಲಿ ನಮ್ಮ "2025" ಅಂದ್ರೆ ಏಪ್ರಿಲ್ ಇಂದ ಮಾರ್ಚ್ ತನಕ, ಜಪಾನಿಂದು ಜನವರಿ ಇಂದ ಡಿಸೆಂಬರ್. ಬೇರೆ ಬೇರೆ ಹನ್ನೆರಡು ತಿಂಗಳನ್ನ ಪಕ್ಕಪಕ್ಕ ಇಟ್ಟು ಮೂರನೇ ದಶಮಾಂಶದಲ್ಲಿ ಗೆದ್ವಿ ಸೋತ್ವಿ ಅನ್ನೋದು ನನ್ನ ಪ್ರಕಾರ ಅಂಕಿಅಂಶಕ್ಕೆ ಮಾಡೋ ಅನ್ಯಾಯ.

ಅಣ್ಣ ಹೇಳಿದ ಮೂರನೇ ಸ್ಥಾನ ಪಿಪಿಪಿ ಲೆಕ್ಕದ್ದು, ಅದೂ ಸರೀನೇ. ಅಲ್ಲಿ ಡಾಲರಿಗೆ ಬ್ಯಾಂಕ್ ರೇಟ್ ಹಾಕಲ್ಲ, ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗೋ ಸಾಮಾನು ಇಲ್ಲಿ ಎಷ್ಟು ರೂಪಾಯಿಗೆ ಸಿಗುತ್ತೆ ಅಂತ ನೋಡಿ ಸುಮಾರು 20 ರೂಪಾಯಿ ಆಸುಪಾಸಿನ ರೇಟ್ ಹಾಕ್ತಾರೆ. ಅದಕ್ಕೇ ನಮ್ಮ ಎಕಾನಮಿ ಅಲ್ಲಿ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತೆ.

ನಗೋಯಾ_ಕನ್ನಡಿಗ

ಜಪಾನ್ ಹೆಸರು ಬಂತಲ್ಲ, ನಾನು ಬರೀಲೇಬೇಕು. 2012ರಲ್ಲಿ ಇಲ್ಲಿಗೆ ಬಂದೋನು, ಆಟೋಮೊಬೈಲ್ ಪಾರ್ಟ್ಸ್ ಕೆಲಸ. ಬಂದ ವರ್ಷ ಊರಿಗೆ ಒಂದು ಲಕ್ಷ ಯೆನ್ ಕಳಿಸಿದ್ರೆ ಅಪ್ಪನ ಅಕೌಂಟಿಗೆ 66-67 ಸಾವಿರ ರೂಪಾಯಿ ಬೀಳ್ತಿತ್ತು. 2024ರ ಜುಲೈಲಿ ಒಂದು ಡಾಲರಿಗೆ 161 ಯೆನ್ ತನಕ ಹೋಯ್ತು, ಅವತ್ತು ಕಳಿಸಿದ ಅದೇ ಒಂದು ಲಕ್ಷ ಯೆನ್ 52 ಸಾವಿರ ಆಯ್ತು. ಅಪ್ಪ ಫೋನ್ ಮಾಡಿ ಸಂಬಳ ಕಮ್ಮಿ ಮಾಡಿದ್ರೇನೋ ಮಗನೆ ಅಂತ ಕೇಳಿದ್ರು, ಅವ್ರ ದನಿಲಿ ಇದ್ದ ಗಾಬರಿ ಈಗ್ಲೂ ನೆನಪಿದೆ. ಸಂಬಳ ಕಮ್ಮಿ ಆಗಿರ್ಲಿಲ್ಲ, ಯೆನ್ ಲೆಕ್ಕದಲ್ಲಿ ಜಾಸ್ತಿನೇ ಆಗಿತ್ತು.

ಇಡೀ ಜಪಾನಿಗೆ ಆಗಿರೋದೂ ನಮ್ಮಪ್ಪನ ಅಕೌಂಟಿಗೆ ಆಗಿದ್ದೇ. 2012ರಲ್ಲಿ ಜಪಾನ್ ಜಿಡಿಪಿ ಸುಮಾರು 500 ಲಕ್ಷ ಕೋಟಿ ಯೆನ್, ಡಾಲರಿಗೆ ಆಗ 80 ಯೆನ್, ಹಂಗಾಗಿ 6 ಟ್ರಿಲಿಯನ್ ಡಾಲರಿಗೂ ಮೇಲೆ ಕಾಣ್ತಿತ್ತು. 2024ರಲ್ಲಿ ಯೆನ್ ಲೆಕ್ಕ ಮೊದಲ ಸಲ 600 ಲಕ್ಷ ಕೋಟಿ ದಾಟ್ತು, ಡಾಲರ್ ಲೆಕ್ಕದಲ್ಲಿ ಮಾತ್ರ 4 ಟ್ರಿಲಿಯನ್ ಹತ್ರ ಬಂದು ಬಿತ್ತು. ಮೂರರಲ್ಲಿ ಒಂದು ಭಾಗ ದೇಶ ಕಳಚಿ ಬಿದ್ದಿದ್ರೆ ಇಲ್ಲಿ ಬದುಕೋ ನಮಗೆ ಗೊತ್ತಾಗ್ತಿರ್ಲಿಲ್ವಾ? ನಮ್ಮ ಮನೆ ಪಕ್ಕದ ಸ್ಟೇಷನ್ನಿಂದ ಟ್ರೈನು ಅವತ್ತೂ ಹೇಳಿದ ನಿಮಿಷಕ್ಕೆ ಹೊರಡ್ತಿತ್ತು, ಇವತ್ತೂ ಹೊರಡುತ್ತೆ. ಮೂಲೆ ಅಂಗಡಿಲಿ ರಾಮೆನ್ ಒಂದು ಬಟ್ಟಲು 700 ಯೆನ್ ಇದ್ದಿದ್ದು ಈಗ 950 ಆಗಿದೆ, ಆ ಅಂಗಡಿ ಅಜ್ಜ ಎಷ್ಟೋ ವರ್ಷ ಬೆಲೆ ಏರಿಸಿರ್ಲೇ ಇಲ್ಲ, ಈಗ ಏರಿಸುವಾಗ ಬಾಗಿಲಿಗೆ ಕ್ಷಮೆ ಕೇಳಿ ಚೀಟಿ ಅಂಟಿಸಿದ್ರು.

ಆದ್ರೆ ಏನೂ ಆಗೇ ಇಲ್ಲ ಅಂತಾನೂ ಹೇಳ್ಬಾರ್ದು. ಯೆನ್ ಬಿದ್ಮೇಲೆ ಹೊರಗಿಂದ ತರೋ ಗ್ಯಾಸು, ಪೆಟ್ರೋಲು, ಗೋಧಿ ಎಲ್ಲ ತುಟ್ಟಿ ಆಯ್ತು, ನನ್ನ ಜೊತೆ ಕೆಲಸ ಮಾಡೋರು ರಜಾಕ್ಕೆ ಹವಾಯಿಗೆ ಹೋಗೋರು ಈಗ ಹೋಗಲ್ಲ. 2023ರಲ್ಲಿ ಜರ್ಮನಿ ನಮ್ಮನ್ನ ದಾಟಿ ಮೂರನೇ ಸ್ಥಾನಕ್ಕೆ ಹೋದಾಗ ಇಲ್ಲಿ ಪೇಪರ್ಗಳಲ್ಲಿ ತುಂಬಾ ಚರ್ಚೆ ಆಯ್ತು. ಆ ವರ್ಷ ಜರ್ಮನಿ ಎಕಾನಮಿ ಬೆಳೆದೇ ಇರ್ಲಿಲ್ಲ, ಸ್ವಲ್ಪ ಕುಗ್ಗಿತ್ತು. ಕುಗ್ಗಿದ ದೇಶ ಬೆಳೆದ ದೇಶನ ಓವರ್‌ಟೇಕ್ ಮಾಡ್ತು, ಇದನ್ನ ಮಕ್ಕಳಿಗೆ ಹೇಳಿ ಮೇಷ್ಟ್ರೆ.

ಮೂಡಿಗೆರೆ_ಕಾಫಿ_ತೋಟ

ನೀವೆಲ್ಲ ಡಾಲರ್ ರೇಟು ಸುಮ್ನೆ ಒಂದು ಭಾಗಾಕಾರದ ನಂಬರ್ ಅನ್ನೋ ಥರ ಮಾತಾಡ್ತಿದ್ದೀರಿ, ನಾನು ಅದನ್ನ ಒಪ್ಪಲ್ಲ. ನಮ್ಮ ಬದುಕು ಅದರ ಮೇಲೇ ನಿಂತಿರೋದು.

ಅರೇಬಿಕಾ ಬೆಲೆ ನಿರ್ಧಾರ ಆಗೋದು ನ್ಯೂಯಾರ್ಕಲ್ಲಿ, ರೋಬಸ್ಟಾ ಲಂಡನ್ನಲ್ಲಿ, ಎರಡೂ ಡಾಲರಲ್ಲಿ. ಬೆಳಗ್ಗೆ ಎದ್ದು ಮೊದ್ಲು ನೋಡೋದೇ ಆ ಎರಡು ಟರ್ಮಿನಲ್ ರೇಟು ಮತ್ತೆ ರೂಪಾಯಿ ಎಷ್ಟಿದೆ ಅಂತ. ರೂಪಾಯಿ 84ರಿಂದ 90ಕ್ಕೆ ಹೋದ್ರೆ ಅಲ್ಲಿ ಬೆಲೆ ಒಂದು ಸೆಂಟೂ ಏರದೆ ಇದ್ರೂ ನನ್ನ ಮೂಟೆಗೆ ಇಲ್ಲಿ ದುಡ್ಡು ಜಾಸ್ತಿ ಸಿಗುತ್ತೆ. ಹಂಗಂತ ಖುಷಿ ಪಡೋಣ ಅಂದ್ರೆ ಗೊಬ್ಬರದ ಅಂಗಡಿಗೆ ಹೋಗ್ಬೇಕಲ್ಲ, ಪೊಟ್ಯಾಶ್ ನಮ್ಮ ದೇಶದಲ್ಲಿ ಅಗೆಯೋದೇ ಇಲ್ಲ, ಪೂರ್ತಿ ಹೊರಗಿಂದ ಬರ್ಬೇಕು, ಅದನ್ನೂ ಡಾಲರಲ್ಲೇ ತಗೋಬೇಕು. ಟ್ರ್ಯಾಕ್ಟರ್ ಡೀಸೆಲ್ ಕಥೆನೂ ಅದೇ, ನಮಗೆ ಬೇಕಾಗೋ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಜಾಸ್ತಿ ಹೊರಗಿಂದ ಬರೋದು.

ಅರಬ್ಬರ ಹತ್ರ ಹೋಗಿ "ಸ್ವಾಮಿ ನಮ್ಮಲ್ಲಿ ಊಟ ಚೀಪು, ಕ್ಷೌರ ಚೀಪು, ಪಿಪಿಪಿ ಪ್ರಕಾರ ನಾವು ಮೂರನೇ ಶ್ರೀಮಂತರು, ಆ ರೇಟಲ್ಲೇ ಒಂದು ಬ್ಯಾರೆಲ್ ಕೊಡಿ" ಅಂದ್ರೆ ಕೊಡ್ತಾರಾ? ಕಂಪ್ಯೂಟರ್ ಚಿಪ್ಪು, ಯುದ್ಧ ವಿಮಾನ, ಹೊರದೇಶದ ಸಾಲದ ಬಡ್ಡಿ, ನಮ್ಮ ಮಕ್ಕಳು ಹೊರಗೆ ಓದೋಕೆ ಕಟ್ಟೋ ಫೀಸು, ಇವೆಲ್ಲಕ್ಕೂ ಬ್ಯಾಂಕ್ ರೇಟೇ ಬೇಕು. ಅಂತ ಕಡೆ ನಾಮಿನಲ್ ಜಿಡಿಪಿನೇ ನಿಜವಾದ ಅಳತೆ. ಪಿಪಿಪಿ ಹೇಳ್ಕೊಂಡು ಬೆನ್ನು ತಟ್ಕೊಳೋದು ಕೂಡ ಅಷ್ಟೇ ಅಪಾಯ ಅಂತ ನನ್ನ ಅಭಿಪ್ರಾಯ.

ಲೆಕ್ಕದ_ಮನೆ

ತೋಟದೋರೆ, ನಿಮ್ಮ ಮಾತು ನೂರಕ್ಕೆ ನೂರು ಒಪ್ದೆ. ಗಡಿ ದಾಟಿ ಹೋಗೋದು, ಗಡಿ ದಾಟಿ ಬರೋದು ಎಷ್ಟಿದ್ಯೋ ಅಷ್ಟಕ್ಕೆ ನಾಮಿನಲ್ ಲೆಕ್ಕ ಸರಿ. ಗಡಿ ದಾಟದೇ ಇರೋದಕ್ಕೂ ಅದನ್ನೇ ಹಾಕಿದಾಗ ತೊಂದರೆ. ಕೆಲವೊಂದು ಕಡೆ ಎರಡನ್ನೂ ಬೆರೆಸ್ತಾರೆ ಕೂಡ, ಐಎಂಎಫಲ್ಲಿ ಯಾವ ದೇಶಕ್ಕೆ ಎಷ್ಟು ಕೋಟಾ (ಪಾಲು) ಅಂತ ಲೆಕ್ಕ ಹಾಕೋ ಸೂತ್ರದಲ್ಲಿ ಜಿಡಿಪಿ ಭಾಗಕ್ಕೆ 60 ಪರ್ಸೆಂಟ್ ಮಾರುಕಟ್ಟೆ ರೇಟು, 40 ಪರ್ಸೆಂಟ್ ಪಿಪಿಪಿ.

ಗಡಿ ದಾಟದೇ ಇರೋದು ಅಂದ್ರೇನು ಅನ್ನೋದಕ್ಕೆ ರಷ್ಯಾ ನೋಡಿ. 2022ರಲ್ಲಿ ಯುದ್ಧ ಶುರುವಾದಾಗ ಎಷ್ಟೋ ಜನ ರಷ್ಯಾ ಎಕಾನಮಿ ಇಟಲಿಗಿಂತ ಚಿಕ್ಕದು, ನಿರ್ಬಂಧ ಹಾಕಿದ್ರೆ ಆರು ತಿಂಗಳೂ ನಿಲ್ಲಲ್ಲ ಅಂದ್ರು. ನಾಮಿನಲ್ ಪಟ್ಟೀಲಿ ಅದು ನಿಜವಾಗ್ಲೂ ಇಟಲಿಗಿಂತ ಕೆಳಗಿತ್ತು. ಆದ್ರೆ ಅವ್ರ ಟ್ಯಾಂಕು, ಶೆಲ್ಲು, ಸೈನಿಕರ ಸಂಬಳ, ಡೀಸೆಲ್, ರೊಟ್ಟಿ ಬಹುಪಾಲು ರೂಬಲ್‌ನಲ್ಲೇ ತಯಾರಾಗೋದು. ಪಿಪಿಪಿ ಪಟ್ಟೀಲಿ ವಿಶ್ವಬ್ಯಾಂಕ್ 2024ರಲ್ಲಿ ಪರಿಷ್ಕರಿಸಿದಾಗ ರಷ್ಯಾ ಜಪಾನನ್ನ ದಾಟಿ ನಾಲ್ಕನೇದಾಗಿ ಕಾಣಿಸ್ತು. ಯುದ್ಧ ಸರಿನಾ ತಪ್ಪಾ ಅನ್ನೋದು ಬೇರೆ ಮಾತು, ಒಂದು ದೇಶದ ತಾಕತ್ತನ್ನ ತಪ್ಪು ಗೋಲಲ್ಲಿ ಅಳೆದ್ರೆ ಎಂಥಾ ತಪ್ಪು ನಿರ್ಧಾರ ಆಗುತ್ತೆ ಅನ್ನೋದಕ್ಕೆ ಹೇಳಿದೆ.

ಕಲಬುರಗಿ_ಮಂದಿ

ಅಣ್ಣಾರ, ನೀವು ನಾಲ್ಕನೇದು ಐದನೇದು ಅಂತ ಮಾತಾಡ್ಲಿಕ್ಕತ್ತೀರಿ, ನಮ್ ಕಡಿ ಮಂದಿಗಿ ಅದು ಏನೂ ತಿಳಿಯಂಗಿಲ್ರಿ. ಒಟ್ಟು ಜಿಡಿಪಿ ಅಂದ್ರ ಮಂದಿ ಎಷ್ಟ್ ಜಾಸ್ತಿ ಇರ್ತಾರೋ ಅಷ್ಟು ದೊಡ್ಡದು ಕಾಣಸ್ತದ. ನಾವು 140 ಕೋಟಿ ಮ್ಯಾಲ ಅದೀವಿ, ಜಪಾನದಾಗ 12 ಕೋಟಿ ಚಿಲ್ಲರ. 4 ಟ್ರಿಲಿಯನ್ ಅವರ ತಲಿಗಿ ಹಂಚಿದ್ರ 33-34 ಸಾವಿರ ಡಾಲರ್ ಬರ್ತದ, ನಮ್ ತಲಿಗಿ ಹಂಚಿದ್ರ 3 ಸಾವಿರ ಡಾಲರ್‌ನೂ ಮುಟ್ಟಂಗಿಲ್ಲ. ಪಿಪಿಪಿ ಹಾಕಿದ್ರೂ ನಾವು ಅವರ ಕಾಲು ಭಾಗದ ಹತ್ರನ ನಿಲ್ತೀವಿ. ಇದನ್ನ ಹೇಳದಂಗ ಬರೇ ಸ್ಥಾನ ಹೇಳೋದು ನನಗ ಸರಿ ಅನಸಂಗಿಲ್ಲ.

ಮತ್ತ ಆ 3 ಸಾವಿರನೂ ಸರಾಸರಿ. ನಮ್ ರಾಜ್ಯದ ಆರ್ಥಿಕ ಸಮೀಕ್ಷೆ ತೆಗದ್ ನೋಡ್ರಿ, ರಾಜ್ಯದ ಒಟ್ಟು ಉತ್ಪನ್ನದಾಗ ಮೂರರಾಗ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲಾ ಒಂದರದ. ತಲಾ ಆದಾಯದಾಗ ಅದು ತುದಿಗಿ, ನಮ್ ಕಲಬುರಗಿ ತಳಕ್ಕ. ನಡುವ ಎಷ್ಟೋ ಪಟ್ಟು ಅಂತರ. ನಮ್ ಊರಾಗ ತೊಗರಿ ರಾಶಿ ಮುಗದ ಮ್ಯಾಲ ಅರ್ಧ ಓಣಿ ಬೆಂಗಳೂರಿಗಿ, ಪುಣೆಕ್ಕ ಕಟ್ಟಡ ಕೆಲಸಕ್ಕ ಹೋಗ್ತದ, ಬೀಗ ಹಾಕಿದ ಮನಿ ಮುಂದ ಮುದುಕರಷ್ಟ ಕುಂತಿರ್ತಾರ. ಆ ಮಂದಿ ಕಟ್ಟಿದ ಬಿಲ್ಡಿಂಗ್ ಬೆಂಗಳೂರಿನ ಜಿಡಿಪಿದಾಗ ಲೆಕ್ಕಕ್ಕ ಬರ್ತದ, ಕಲಬುರಗಿದಾಗ ಅಲ್ಲ. ದೇಶ ದೇಶಕ್ಕ ಹೋಲಿಸೋದು ಒಂದು ಕಡಿ ಇರ್ಲಿ, ಜಿಲ್ಲಾ ಜಿಲ್ಲಾಕ್ಕೂ ಹೋಲಿಸಿ ನೋಡ್ರಿ ಸರ, ನಿಮ್ ಹುಡುಗೂರಿಗಿ ಅದು ಲಗೂನ ತಿಳೀತದ.

ಡಬ್ಲಿನ್_ಹಾಸನ

ತಲಾ ಆದಾಯ ನೋಡಿದ್ರೆ ಎಲ್ಲ ಸರಿ ಹೋಗುತ್ತೆ ಅಂತ ಅಂದ್ಕೊಬೇಡಿ ಅಂತ ಹೇಳೋಕೆ ಬಂದೆ. ನಾನಿರೋ ಐರ್ಲೆಂಡ್ ತಲಾ ಜಿಡಿಪಿಲಿ ಪ್ರಪಂಚದ ಮೊದಲ ಐದಾರು ದೇಶದೊಳಗೆ ಬರುತ್ತೆ, ಒಂದು ಲಕ್ಷ ಡಾಲರಿಗೂ ಮೇಲೆ. ಅದನ್ನ ಓದಿ ಇಲ್ಲಿಗೆ ಬಂದೋರು ಬಾಡಿಗೆ ಮನೆಗೆ ಅಲೆಯುವಾಗ ಆ ಲಕ್ಷ ಡಾಲರ್ ಎಲ್ಲಿದೆ ಅಂತ ಹುಡುಕ್ತಾರೆ.

ಕಾರಣ ಏನಂದ್ರೆ ದೊಡ್ಡ ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಟ್ಯಾಕ್ಸ್ ಕಮ್ಮಿ ಅಂತ ಪೇಟೆಂಟು, ಸಾಫ್ಟ್‌ವೇರ್ ಹಕ್ಕು ಎಲ್ಲ ಇಲ್ಲಿನ ಬುಕ್ಸಿಗೆ ತಂದು ಹಾಕಿದಾವೆ. 2016ರ ಜುಲೈಲಿ ಇಲ್ಲಿನ ಸಾಂಖ್ಯಿಕ ಕಚೇರಿ ಹಿಂದಿನ ವರ್ಷ ಅಂದ್ರೆ 2015ರಲ್ಲಿ ದೇಶ 26.3 ಪರ್ಸೆಂಟ್ ಬೆಳೀತು ಅಂತ ಘೋಷಣೆ ಮಾಡ್ತು. ಒಂದು ವರ್ಷದಲ್ಲಿ ಕಾಲು ಭಾಗ! ಆ ವರ್ಷ ಇಲ್ಲಿ ಅಷ್ಟು ಕಾರ್ಖಾನೆ ಕಟ್ಟಿರ್ಲಿಲ್ಲ, ಅಷ್ಟು ಕೆಲಸ ಹುಟ್ಟಿರ್ಲಿಲ್ಲ, ಕಾಗದದ ಮೇಲೆ ಆಸ್ತಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬಂತು ಅಷ್ಟೇ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಅದಕ್ಕೆ ಲೆಪ್ರಕಾನ್ ಎಕನಾಮಿಕ್ಸ್ ಅಂತ ಹೆಸರಿಟ್ರು, ಲೆಪ್ರಕಾನ್ ಅಂದ್ರೆ ಇಲ್ಲಿನ ಅಜ್ಜಿಕಥೇಲಿ ಬರೋ, ಚಿನ್ನ ಬಚ್ಚಿಡೋ ಕುಳ್ಳ. ಕೊನೆಗೆ ಇವ್ರೇ ಮಾಡಿಫೈಡ್ ಜಿಎನ್‌ಐ (ತಿದ್ದಿದ ರಾಷ್ಟ್ರೀಯ ಆದಾಯ) ಅಂತ ಬೇರೆ ಅಳತೆ ಮಾಡ್ಕೊಂಡ್ರು, ಅದು ಜಿಡಿಪಿಗಿಂತ ತುಂಬಾ ಕಮ್ಮಿ ಬರುತ್ತೆ. ತನ್ನ ಜಿಡಿಪಿ ತನಗೇ ನಂಬೋಕೆ ಆಗಲ್ಲ ಅಂತ ಒಂದು ಸರ್ಕಾರ ಒಪ್ಕೊಂಡಿದ್ದು ನನಗೆ ಬಹಳ ಪ್ರಾಮಾಣಿಕ ಕೆಲಸ ಅನ್ಸುತ್ತೆ.

ಪಿಪಿಪಿ ಬಗ್ಗೆ ಒಂದು. ಹಾಸನದಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ ನಾನು ಚಿಕ್ಕೋನಿದ್ದಾಗಿಂದ ಹೋಗೋ ಕಟಿಂಗ್ ಶಾಪಿದೆ, ಹೋದ ಸಲ ಊರಿಗೆ ಬಂದಾಗ 120 ರೂಪಾಯಿ ತಗೊಂಡ್ರು, ಅದರಲ್ಲಿ ತಲೆಗೆ ಎಣ್ಣೆ ಹಾಕಿ ತಟ್ಟಿ ಕೂಡ ಕಳಿಸಿದ್ರು. ಇಲ್ಲಿ 20 ಯೂರೋ, ಹತ್ತಿರ ಹತ್ತಿರ 2,000 ರೂಪಾಯಿ, ಎಣ್ಣೆನೂ ಇಲ್ಲ. ಕತ್ತರಿ ಹಿಡಿಯೋ ಕೈಯಲ್ಲಿ ಹಾಸನದೋರು ಏನೂ ಕಮ್ಮಿ ಇಲ್ಲ. ನಾಮಿನಲ್ ಲೆಕ್ಕ ಮಾತ್ರ ಡಬ್ಲಿನ್ ಕ್ಷೌರನ ಹಾಸನದ ಹದಿನಾರು ಕ್ಷೌರಕ್ಕೆ ಸಮ ಅಂತ ಬರ್ಕೊಳುತ್ತೆ. ಯಾಕೆ ಹೀಗೆ ಅಂದ್ರೆ ಇಲ್ಲಿ ಬೇರೆ ಕೆಲಸಗಳಲ್ಲಿ ಸಂಬಳ ಜಾಸ್ತಿ, ಕ್ಷೌರಿಕರಿಗೂ ಅಷ್ಟು ಕೊಡದಿದ್ರೆ ಅವ್ರು ಆ ಕೆಲಸ ಬಿಟ್ಟು ಹೋಗ್ತಾರೆ. 1964ರಲ್ಲಿ ಬಲಾಸ್ಸಾ ಮತ್ತು ಸ್ಯಾಮುಯೆಲ್ಸನ್ ಅನ್ನೋ ಇಬ್ರು ಬೇರೆ ಬೇರೆಯಾಗಿ ಇದನ್ನ ಬರೆದ್ರು, ಹಡಗಲ್ಲಿ ಹಾಕಿ ಕಳಿಸೋಕಾಗೋ ಸಾಮಾನಿನ ಬೆಲೆ ಪ್ರಪಂಚದಲ್ಲಿ ಹೆಚ್ಚುಕಮ್ಮಿ ಒಂದೇ ಇರುತ್ತೆ, ಕ್ಷೌರ, ಬಾಡಿಗೆ, ಆಟೋ, ಟ್ಯೂಷನ್ ಇಂಥವಕ್ಕೆ ಬಡ ದೇಶದಲ್ಲಿ ಬೆಲೆ ಕಮ್ಮಿ ಅಂತ. ಅದಕ್ಕೇ ಬಡ ದೇಶಗಳು ನಾಮಿನಲ್ ಪಟ್ಟೀಲಿ ಇರೋದಕ್ಕಿಂತ ಚಿಕ್ಕದಾಗಿ ಕಾಣ್ತಾವೆ.

ಹಿತ್ತಲ_ಗಿಡ

ಒಂದು ವಿಷಯ ಯಾರೂ ಎತ್ತಿಲ್ಲ. ನಮ್ಮಮ್ಮ ಮನೆಗೆ ಅಂತ ಒಂದು ಹಸು ಸಾಕಿದಾರೆ. ಆ ಹಾಲನ್ನ ಮಾರದೆ ಮನೇಲೇ ಕುಡಿದ್ರೂ ಜಿಡಿಪಿ ಲೆಕ್ಕಕ್ಕೆ ಬರುತ್ತೆ, ಮನೆ ಬಳಕೆಗೆ ಬೆಳೆಯೋ ವಸ್ತು ಸೇರಿಸ್ಬೇಕು ಅಂತ ನಿಯಮ ಇದೆ. ಅದೇ ಹಾಲನ್ನ ಕಾಯಿಸಿ, ಹೆಪ್ಪು ಹಾಕಿ, ಬೆಳಗ್ಗೆ ಐದಕ್ಕೆ ಎದ್ದು ಎಲ್ರಿಗೂ ಕಾಫಿ ಮಾಡಿ ಕೊಡೋ ಕೆಲಸ ಬರಲ್ಲ. 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡ್ತಾರೆ. ಅಂದ್ರೆ ಹೆಚ್ಚುಕಮ್ಮಿ ಐದು ಗಂಟೆ. ಜಪಾನಲ್ಲಿ, ಐರ್ಲೆಂಡಲ್ಲಿ ಇದೇ ಕೆಲಸಕ್ಕೆ ಡೇ ಕೇರು, ರೆಡಿಮೇಡ್ ಊಟ ಅಂತ ದುಡ್ಡು ಕೊಟ್ರೆ ಅದು ಜಿಡಿಪಿ. ಎರಡು ದೇಶ ಹೋಲಿಸುವಾಗ ಈ ಐದು ಗಂಟೆಗಳು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದೆ ಹೋಗ್ತಾವೆ. ನನಗಿದು ಬಹಳ ನೋವಿನ ವಿಷಯ, ಮಕ್ಕಳಿಗೆ ಖಂಡಿತ ಹೇಳಿ ಸಾರ್.

ಬಿಕಾಂ_ಎರಡನೇ_ವರ್ಷ

ಎಲ್ಲ ಓದಿದೆ, ತುಂಬಾ ಕಲಿತೆ. ಡೌಟ್ ಏನಂದ್ರೆ ಇಷ್ಟು ತೊಂದರೆ ಇದ್ರೆ ನಾಮಿನಲ್ ಜಿಡಿಪಿನೇ ಬಿಟ್ಟುಬಿಡ್ಬೋದಲ್ವಾ? ಪೇಪರಲ್ಲಿ ಬೆಳವಣಿಗೆ ಅಂತ ಬರೋದು ಹೇಗೂ ರಿಯಲ್ಲೇ. ಹೋಲಿಕೆಗೆ ಪಿಪಿಪಿ ಇಟ್ಕೊಂಡ್ರೆ ಸಾಕಲ್ವಾ?

ಲೆಕ್ಕದ_ಮನೆ

ಬಿಡೋಕಾಗಲ್ಲಪ್ಪ. ನಾಮಿನಲ್ ಅನ್ನೋದೇ ಮೊದಲು ಅಳೆಯೋದು, ಉಳಿದಿದ್ದೆಲ್ಲ ಅದರಿಂದ ತೆಗೆಯೋದು. ಸರ್ಕಾರಕ್ಕೆ ಟ್ಯಾಕ್ಸ್ ಬರೋದು ನಾಮಿನಲ್ ದುಡ್ಡಿನ ಮೇಲೆ, ಸಾಲ ತೀರಿಸೋದು ನಾಮಿನಲ್ ದುಡ್ಡಲ್ಲಿ, ವಿತ್ತೀಯ ಕೊರತೆ ಜಿಡಿಪಿಯ ಇಷ್ಟು ಪರ್ಸೆಂಟ್ ಅಂತ ಬಜೆಟಲ್ಲಿ ಓದ್ತಾರಲ್ಲ, ಕೆಳಗಿರೋ ಆ ಜಿಡಿಪಿ ನಾಮಿನಲ್ಲೇ. 2025ರ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ರಿಯಲ್ 8.2 ಪರ್ಸೆಂಟ್ ಬೆಳೀತು ಅಂತ ಸುದ್ದಿ ಆಯ್ತು, ನಾಮಿನಲ್ ಬೆಳೆದಿದ್ದು 8.7 ಮಾತ್ರ. ಎರಡರ ನಡುವೆ ಬರೀ ಅರ್ಧ ಪರ್ಸೆಂಟ್. ರಿಯಲ್ ನೋಡಿದೋರು ಸಂಭ್ರಮ ಪಟ್ರು, ಟ್ಯಾಕ್ಸ್ ಲೆಕ್ಕ ಹಾಕೋರಿಗೆ ಆ 8.7 ಚಿಂತೆ ತಂತು, ಮತ್ತೆ ಬೆಲೆ ಏರಿಕೆನ ನಾವು ಕಳೆಯೋ ರೀತಿನೇ ಸರಿ ಇದ್ಯಾ ಅಂತಾನೂ ತಿಳಿದೋರು ಪ್ರಶ್ನೆ ಮಾಡಿದ್ರು. ನ್ಯಾಯವಾದ ಪ್ರಶ್ನೆನೇ.

ಪಿಪಿಪಿ ಕೂಡ ಅಂದಾಜೇ ಅನ್ನೋದನ್ನ ಮರೀಬೇಡ. ನಾನು ಬೆಲೆ ಸಂಗ್ರಹದ ಕೆಲಸ ಮಾಡಿದೀನಿ, ಕೈಯಲ್ಲಿ ಶೆಡ್ಯೂಲ್ ಹಿಡ್ಕೊಂಡು ಸಂತೆಗೆ ಹೋಗೋದು. ಅಕ್ಕಿ ಅಂತ ಬರೆದಿರುತ್ತೆ, ಅಂಗಡಿಲಿ ಎಂಟು ಥರ ಅಕ್ಕಿ ಇರುತ್ತೆ, ಹೋದ ತಿಂಗಳು ಬರ್ಕೊಂಡ ಚೀಲ ಈ ತಿಂಗಳು ಖಾಲಿ ಆಗಿರುತ್ತೆ, ಅಂಗಡಿಯೋನು ಇದೂ ಅದೇ ಥರ ಬರ್ಕೊಳಿ ಸಾರ್ ಅಂತಾನೆ. ಒಂದೇ ತಾಲ್ಲೂಕಲ್ಲಿ ಇಷ್ಟು ಕಷ್ಟ, ನೂರಾರು ದೇಶದಲ್ಲಿ "ಅದೇ" ಅಕ್ಕಿ, "ಅದೇ" ಅಂಗಿ, "ಅದೇ" ಬಾಡಿಗೆ ಮನೆ ಹುಡುಕೋದು ಅಂದ್ರೆ ಯೋಚನೆ ಮಾಡು. ವಿಶ್ವಬ್ಯಾಂಕ್ 2005ರ ಸುತ್ತಿನ ಬೆಲೆ ಸಮೀಕ್ಷೆ ಫಲಿತಾಂಶ ಕೊಟ್ಟಾಗ ಚೀನಾ, ಭಾರತ ಎರಡರದ್ದೂ ಪಿಪಿಪಿ ಗಾತ್ರ ಮುಂಚೆ ಅಂದ್ಕೊಂಡಿದ್ದಕ್ಕಿಂತ ಹತ್ರ ಹತ್ರ 40 ಪರ್ಸೆಂಟ್ ಕಮ್ಮಿ ಅಂತ ಗೊತ್ತಾಯ್ತು. ಆಮೇಲೆ 2011ರ ಸುತ್ತಿನ ಫಲಿತಾಂಶ 2014ರಲ್ಲಿ ಬಂದಾಗ ನಾವು ಜಪಾನ್ ದಾಟಿ ಮೂರನೇದು ಆದ್ವಿ.

ದೇಶದೊಳಗಿನ ಲೆಕ್ಕನೂ ಹಂಗೇ ಹೊರಳುತ್ತೆ. ನೈಜೀರಿಯಾ 1990ನ್ನ ಮೂಲ ವರ್ಷ (ಹೋಲಿಕೆಗೆ ಆಧಾರವಾಗಿ ಇಟ್ಕೊಳೋ ವರ್ಷ) ಇಟ್ಕೊಂಡು ಕೂತಿತ್ತು, 2014ರ ಏಪ್ರಿಲಲ್ಲಿ ಅದನ್ನ 2010ಕ್ಕೆ ತಂದು ಮೊಬೈಲ್, ಸಿನಿಮಾ ಉದ್ಯಮ ಎಲ್ಲ ಸರಿಯಾಗಿ ಸೇರಿಸಿದಾಗ ಜಿಡಿಪಿ ಒಂದೇ ದಿನದಲ್ಲಿ 89 ಪರ್ಸೆಂಟ್ ಏರಿ ದಕ್ಷಿಣ ಆಫ್ರಿಕಾನ ಹಿಂದೆ ಹಾಕ್ತು. ಹತ್ತು ವರ್ಷದ ಹೊತ್ತಿಗೆ ಅವ್ರ ಕರೆನ್ಸಿ ನೈರಾ ಬಿದ್ದು ಬಿದ್ದು ಖಂಡದಲ್ಲೇ ನಾಲ್ಕನೇ ಜಾಗಕ್ಕೆ ಇಳಿದ್ರು. ನಾವು ಕೂಡ 2015ರಲ್ಲಿ ಮೂಲ ವರ್ಷ 2011-12ಕ್ಕೆ ಬದಲಾಯಿಸಿದಾಗ 2013-14ರ ಬೆಳವಣಿಗೆ 4.7 ಇದ್ದಿದ್ದು 6.9 ಆಗಿತ್ತು.

ಅರ್ಥಶಾಸ್ತ್ರಜ್ಞ ನಮ್ಮ ವಿ.ಕೆ.ಆರ್.ವಿ. ರಾವ್ ಅವ್ರನ್ನ ಇಲ್ಲಿ ನೆನೆಸ್ಕೊಳ್ಳದೆ ಇರೋಕಾಗಲ್ಲ. ಬಳ್ಳಾರಿಯಿಂದ ಎಂಪಿ ಆಗಿದ್ರು, 1972ರಲ್ಲಿ ಬೆಂಗಳೂರಲ್ಲಿ ಐಸೆಕ್ ಅನ್ನೋ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಕಟ್ಟಿದೋರು. ಬ್ರಿಟಿಷರ ಕಾಲದಲ್ಲಿ ಸರ್ಕಾರದ ಅಂಕಿಅಂಶನೇ ನೆಟ್ಟಗಿಲ್ಲದಾಗ 1925-29 ಮತ್ತು 1931-32ಕ್ಕೆ ದೇಶದ ಆದಾಯ ಲೆಕ್ಕ ಹಾಕಿದ್ರು. 1949ರ ರಾಷ್ಟ್ರೀಯ ಆದಾಯ ಸಮಿತೀಲಿ ಮಹಲನೋಬಿಸ್, ಗಾಡ್ಗೀಳ್ ಜೊತೆ ಕೂತಿದ್ರು. ಅವ್ರ ಕಾಲದೋರು ಈ ಲೆಕ್ಕ ಹಾಕಿದ್ದು ನಮ್ಮ ಜನ ಎಷ್ಟು ಬಡವರಾಗಿದಾರೆ ಅಂತ ತಿಳ್ಕೊಳೋಕೆ. ಸ್ಥಾನಕ್ಕೋಸ್ಕರ ಲೆಕ್ಕ ನೋಡೋ ಚಾಳಿ ಆಮೇಲೆ ಬಂದಿದ್ದು, ಅದು ನನಗೆ ಬೇಜಾರು ತರುತ್ತೆ.

ಮೇಷ್ಟ್ರೆ, ಪಾಠಕ್ಕೆ ನಿಮಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ, 1991 ತಗೊಳಿ. ಆ ಜುಲೈ 1 ಮತ್ತು 3ನೇ ತಾರೀಕು ಎರಡು ಸಲ ರೂಪಾಯಿ ಬೆಲೆ ಇಳಿಸಿದ್ರು, 21 ಇದ್ದ ಡಾಲರ್ 26ರ ಹತ್ರ ಹೋಯ್ತು. ವಿಶ್ವಬ್ಯಾಂಕ್ ಪಟ್ಟೀಲಿ 1990ರಲ್ಲಿ ಸುಮಾರು 32,100 ಕೋಟಿ ಡಾಲರ್ ಇದ್ದ ಭಾರತ 1991ರಲ್ಲಿ 27,000 ಕೋಟಿ ಡಾಲರಿಗೆ ಬಿತ್ತು. ಆರರಲ್ಲಿ ಒಂದು ಭಾಗ ಹೋಯ್ತು ಅಂತ ಲೆಕ್ಕ. ರಿಯಲ್ ಜಿಡಿಪಿ ಆ ವರ್ಷ ಸುಮಾರು 1 ಪರ್ಸೆಂಟ್ ಬೆಳೆದಿತ್ತು. ಈ ಏರಿಳಿತ ತಪ್ಪಿಸೋಕೇ ವಿಶ್ವಬ್ಯಾಂಕ್ ಯಾವ ದೇಶ ಬಡದು, ಯಾವುದು ಮಧ್ಯಮ ಅಂತ ವಿಂಗಡಿಸುವಾಗ ಒಂದು ದಿನದ್ದೋ ಒಂದು ವರ್ಷದ್ದೋ ರೇಟ್ ಹಾಕಲ್ಲ, ಮೂರು ವರ್ಷದ ಸರಾಸರಿ ಹಾಕುತ್ತೆ.

ಮೂಡಿಗೆರೆ_ಕಾಫಿ_ತೋಟ

1991 ಅಂದ್ರಲ್ಲ, ನಮ್ಮಪ್ಪನ ಕಾಲ. ಆಗ ಕಾಫಿ ಪೂರ್ತಿ ಸರ್ಕಾರದ ಕಾಫಿ ಬೋರ್ಡಿಗೇ ಕೊಡ್ಬೇಕಿತ್ತು, ರೂಪಾಯಿ ಇಳಿದಿದ್ದರ ಲಾಭ ನೇರ ನಮ್ಮ ಕೈಗೆ ಬರ್ತಿರ್ಲಿಲ್ಲ. ಗೊಬ್ಬರದ ರೇಟು ಏರಿದ್ದು ಮಾತ್ರ ಅಪ್ಪ ತಿಂಗಳುಗಟ್ಲೆ ಹೇಳ್ತಿದ್ರು. ಪಟ್ಟೀಲಿ ಕಾಣೋ ಕುಸಿತ ಪೂರ್ತಿ ಸುಳ್ಳಲ್ಲ, ಯಾರಿಗೆ ಎಷ್ಟು ತಟ್ಟುತ್ತೆ ಅನ್ನೋದು ಅವ್ರವ್ರ ಬದುಕಿನ ಮೇಲೆ ಹೋಗುತ್ತೆ ಅಂತ ಈಗ ಅನ್ಸ್ತಿದೆ. ನಗೋಯಾದೋರು, ಕಲಬುರಗಿ ಅಣ್ಣ ಹೇಳಿದ್ದೂ ಅದನ್ನೇ ಅಲ್ವಾ.

ಪಿಯು_ಎಕನಾಮಿಕ್ಸ್_ತಿಪಟೂರು

ಎಲ್ರಿಗೂ ತುಂಬು ಮನಸಿನ ಧನ್ಯವಾದ. ಇವತ್ತು ಕ್ಲಾಸಲ್ಲಿ ಟೆಕ್ಸ್ಟ್ ಪಕ್ಕಕ್ಕಿಟ್ಟೆ. ಬೋರ್ಡ್ ಮೇಲೆ 330.68 ಅಂತ ಬರೆದು ಎಡಗಡೆ ಸಾಲಿಗೆ 84.5ರಿಂದ, ಬಲಗಡೆ ಸಾಲಿಗೆ 90ರಿಂದ, ಹಿಂದಿನ ಬೆಂಚಿಗೆ 20ರಿಂದ ಭಾಗಿಸಿ ಅಂದೆ. ಮೂರು ಉತ್ತರ ಬಂತು, 3.91, 3.67, 16.5. ಯಾರದ್ದು ಸರಿ ಸಾರ್ ಅಂತ ಗಲಾಟೆ ಶುರು ಆಯ್ತು. ಆಗ ನಗೋಯಾದೋರ ಅಪ್ಪನ ಫೋನ್ ಕಥೆ ಹೇಳಿದೆ, ಹಾಸನದ ಕ್ಷೌರದ್ದು ಹೇಳಿದೆ, ಗಲಾಟೆ ನಿಂತು ಕೇಳ್ಕೊಂಡ್ರು. ಐದು ಗಂಟೆ ಮನೆಗೆಲಸದ ಮಾತಿಗೆ ಹುಡುಗೀರು ಒಬ್ರ ಮುಖ ಒಬ್ರು ನೋಡ್ಕೊಂಡ್ರು.

ಪ್ರಶ್ನೆ ಕೇಳಿದ ಹುಡುಗಿ ನೋಟ್ಸಲ್ಲಿ ಬರ್ಕೊಂಡಿದ್ದು ತೋರಿಸಿದ್ಲು. "ಭಾರತ ಎಷ್ಟನೇ ಸ್ಥಾನ: ಯಾವ ವರ್ಷ, ಯಾವ ಸಂಸ್ಥೆ ಲೆಕ್ಕ, ಡಾಲರಿಗೆ ಯಾವ ರೇಟು ಅಂತ ಬರೆದು ಆಮೇಲೆ ಸ್ಥಾನ ಬರೆಯುವುದು." ಎಕ್ಸಾಮಲ್ಲಿ ಹಿಂಗೇ ಬರಿ, ವ್ಯಾಲ್ಯುಯೇಶನ್‌ಗೆ ನಾನು ಕೂತಿದ್ರೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ ಅಂದೆ. ನಾಳೆ 1991 ತಗೋತೀನಿ, ಅದಾದ್ಮೇಲೆ ಕಲಬುರಗಿ ಅಣ್ಣ ಹೇಳಿದ ಹಾಗೆ ಜಿಲ್ಲಾವಾರು ಪಟ್ಟಿ. ತುಮಕೂರು ಎಷ್ಟರಲ್ಲಿದೆ ಅಂತ ಈಗಾಗ್ಲೇ ಮೂರು ಜನ ಕೇಳಿದಾರೆ.